ಮುಂಡಗೋಡಿಗೆ ಹೋಗಿಯೂ ನೋಡದೆ ಬರುವುದು

ಮಹಾಲಕ್ಷ್ಮಿ ಲೇಔಟ್‌ನಿಂದ ಹೊರಟ ಪ್ರವಾಸದ ಗಾಡಿ ತುಮಕೂರು ರಸ್ತೆ ಹಿಡಿದು ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ, ಬಂಕಾಪುರದ ಬಳಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗುತ್ತದೆ. ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಅದು ಕೊಡುವ ಹೊತ್ತು ಹೆಚ್ಚೆಂದರೆ ಎರಡು ತಾಸು. ಬುದ್ಧನ ಮೂರ್ತಿ, ಬಣ್ಣದ ಕಂಬಗಳ ಮುಂದೆ ಫೋಟೊ, ಒಂದು ತಟ್ಟೆ ಮೊಮೊ. ಆಮೇಲೆ ಶಿರಸಿಯೋ ಯಾಣವೋ. ಹೋಟೆಲಿನವರಿಗೆ ನಾಲ್ಕು ಕಾಸು ಸಿಗುತ್ತದೆ, ಅದು ಒಳ್ಳೆಯದೇ. ಆದರೂ ಈ ಬಗೆಯ ಪ್ರವಾಸ ಆ ಊರಿಗೆ ಅನ್ಯಾಯ ಮಾಡುತ್ತದೆ ಎಂದೇ ನಾನು ಹೇಳುತ್ತೇನೆ.

ಊರಿನ ಬದುಕು ನಿಂತಿರುವುದು ಹೊಲದ ಮೇಲೆ. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಕಾಡಿನ ನೆಲದಲ್ಲಿ ಟಿಬೆಟಿನ ನಿರಾಶ್ರಿತರಿಗೆ ಸಾಗುವಳಿಗೆ ಜಾಗ ಸಿಕ್ಕಿತು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚು ಇದು. ಗೋವಿನಜೋಳವೋ ಭತ್ತವೋ, ಬಹುತೇಕ ಮಳೆಯನ್ನೇ ನಂಬಿದ ಬೆಳೆ. ಫಸಲು ಮನೆ ಸೇರಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ, ಆದಾಯವೂ ಸಾಲದು. ಆಗ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆಂದು ದೂರದ ನಗರಗಳಿಗೆ ಹೊರಡುತ್ತವೆ. ಚಳಿಗಾಲದ ಫುಟ್‌ಪಾತಿನಲ್ಲಿ ಟಿಬೆಟನ್ನರಿಂದ ಸ್ವೆಟರ್ ಕೊಳ್ಳುವ ನಮಗೆ ಅದರ ಹಿಂದೆ ಒಂದೇ ಬೆಳೆಯ ಹೊಲವಿದೆ ಎಂಬುದು ಹೊಳೆಯುವುದೇ ಇಲ್ಲ. ನಮ್ಮ ಗಾಡಿಗಳು ಅಲ್ಲಿಗೆ ಮುಗಿಬೀಳುವುದೂ ಸರಿಯಾಗಿ ಡಿಸೆಂಬರ್ ರಜೆಯಲ್ಲಿ, ಹೊಲ ಬರಿದಾಗಿ ದುಡಿಯುವವರು ಊರು ಬಿಟ್ಟಿರುವ ಕಾಲದಲ್ಲಿ. ಆಗಸ್ಟಿನಲ್ಲಿ, ಗೋವಿನಜೋಳ ಆಳುದ್ದ ನಿಂತಾಗ ಹೋಗಬೇಕು.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಲ್ಹಾಸಾ ಬಳಿ 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠ 1969ರಲ್ಲಿ ಇಲ್ಲಿ ಮತ್ತೆ ನೆಲೆ ಕಂಡಿತು. ಅದರ ಗೋಮಾಂಗ್ ವಿದ್ಯಾಲಯ ಹಿಂದಿನಿಂದಲೂ ಮಂಗೋಲರು, ಬುರ್ಯಾತರು, ಕಲ್ಮೀಕರು ಓದಲು ಬರುತ್ತಿದ್ದ ಜಾಗ. 1930ರ ದಶಕದ ಕಮ್ಯುನಿಸ್ಟ್ ಆಡಳಿತದ ದಮನದಲ್ಲಿ ಮಂಗೋಲಿಯಾದ ಬಹುಪಾಲು ಮಠಗಳು ನೆಲಸಮವಾದವು, ಸಾವಿರಾರು ಲಾಮಾಗಳು ಕೊಲೆಯಾದರು. 1990ರಲ್ಲಿ ಭಾರತದ ರಾಯಭಾರಿಯಾಗಿ ಅಲ್ಲಿಗೆ ಹೋದ ಲಡಾಖಿನ ಕುಶೋಕ್ ಬಕುಲಾ ರಿಂಪೋಚೆ ಮತ್ತೆ ಹುಡುಗರನ್ನು ಓದಿಗೆಂದು ಭಾರತದ ಮಠಗಳಿಗೆ ಕಳಿಸಿದರು. ಈಗ ಮಂಗೋಲಿಯಾದ, ಕಾಡೂ ಗೋಧಿ ಹೊಲವೂ ತುಂಬಿದ ಸೆಲೆಂಗೆ ಪ್ರಾಂತ್ಯ, ಅಲ್ಲಿ 1736ರಲ್ಲಿ ಕಟ್ಟಿ ಮುಗಿಸಿದ ಅಮರ್‌ಬಯಸ್ಗಲಂತ್ ಮಠ ನಮ್ಮ ಪ್ರವಾಸಿಗರ ಕನಸಿನಲ್ಲಿ ಬರತೊಡಗಿವೆ. ಆ ದೇಶದವರು ತಮ್ಮ ಕಳೆದ ವಿದ್ಯೆಯನ್ನು ಹುಡುಕಿಕೊಂಡು ನಮ್ಮ ಉತ್ತರ ಕನ್ನಡಕ್ಕೆ ಬರುತ್ತಾರೆ. ಪ್ರವಾಸದ ಗೈಡು ಇದನ್ನೊಂದು ಮಾತಿನಲ್ಲಾದರೂ ಹೇಳಬಾರದೆ?

ಆ ವಿದ್ಯೆ ಕಣ್ಣಿಗೆ ಕಾಣುವುದು ಭಿಕ್ಷುಗಳು ತರ್ಕಕ್ಕಿಳಿಯುವ ಮಠದ ವಾದದಂಗಳದಲ್ಲಿ. ಕೂತವನು ತನ್ನ ಮಾತನ್ನು ಉಳಿಸಿಕೊಳ್ಳಬೇಕು. ನಿಂತವನು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟುತ್ತಾನೆ. ಈ ಮಠಗಳ ಉನ್ನತ ಪದವಿಯಾದ ಗೆಶೆಗೆ ಹತ್ತಿರಹತ್ತಿರ ಇಪ್ಪತ್ತು ವರ್ಷದ ಓದು ಬೇಕು. ಭಾಷೆ ತಿಳಿಯದಿದ್ದರೂ ಒಬ್ಬ ಸಿಕ್ಕಿಬಿದ್ದದ್ದು, ಇನ್ನೊಬ್ಬ ನುಣುಚಿಕೊಂಡದ್ದು ನೋಡುವವರಿಗೆ ತಿಳಿಯುತ್ತದೆ. ಬಂಗಾರದ ಬಣ್ಣದ ಯಾವ ಮೂರ್ತಿಗಿಂತಲೂ ನನಗೆ ಇದೇ ಆ ಊರಿನ ಶ್ರೇಷ್ಠ ನೋಟ. ಎರಡು ತಾಸಿನ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ವಿದೇಶಿಯರು ಈ ಕಾಲೊನಿಯಲ್ಲಿ ತಂಗಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು, ಅದಕ್ಕೆ ಮೊದಲೇ ಅರ್ಜಿ ಹಾಕಬೇಕು. ನಮಗೆ ಆ ತೊಡಕಿಲ್ಲ. ಯಾಣವನ್ನು ಇನ್ನೊಂದು ಪ್ರವಾಸಕ್ಕೆ ಬಿಟ್ಟು, ಒಂದು ರಾತ್ರಿ ಇಲ್ಲೇ ಉಳಿಯುವ ಗಾಡಿಯನ್ನು ಬೆಂಗಳೂರಿನ ಪ್ರವಾಸ ಸಂಸ್ಥೆಗಳು ಹೊರಡಿಸಲಿ.