ವಿಕಿಯ ಸರಳ ಗುರುತುಗಳು

ಸಾದಾ ಬರಹದೊಳಗೇ ಒಂದೆರಡು ಚಿಹ್ನೆ ಸೇರಿಸಿ ಪುಟದ ರೂಪ ಸೂಚಿಸುವ ಕ್ರಮವೇ ವಿಕಿಪಠ್ಯ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ತೆರೆದ ಮೊದಲ ವಿಕಿಯ ಪರಂಪರೆಗೆ ಸೇರಿದ ಈ ಕ್ರಮದಲ್ಲೇ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಬೆಳೆದಿದೆ.

ಉದಾಹರಣೆಗೆ, ಮಸ್ಕಿ ಎಂಬ ಊರಿನ ಲೇಖನವನ್ನೇ ಊಹಿಸಬಹುದು. ==ಅಶೋಕನ ಶಾಸನ== ಎಂದು ಬರೆದರೆ ಅದು ಉಪಶೀರ್ಷಿಕೆ. ಅದರಡಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಕಂಡ ಶಾಸನದ ವಿವರ. ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಶೋಕನೇ ಎಂದು ಖಚಿತಪಡಿಸಿದ, ಆ ಶಾಸನದಲ್ಲಿರುವ ಹೆಸರನ್ನು '''ಅಶೋಕ''' ಎಂದು ಬರೆದರೆ ಅಕ್ಷರ ದಪ್ಪವಾಗುತ್ತದೆ. ಸಾಲಿನ ಮೊದಲಿಗೆ * ಇಟ್ಟರೆ ಪಟ್ಟಿ.

ಎಲ್ಲಕ್ಕಿಂತ ಸೊಗಸಾದದ್ದು ಕೊಂಡಿ. [[ಲಿಂಗಸೂಗೂರು|ಲಿಂಗಸೂಗೂರಿನಿಂದ]], [[ಸಿಂಧನೂರು|ಸಿಂಧನೂರಿಗೆ]]: ಗೆರೆಯ ಎಡಕ್ಕೆ ಪುಟದ ಹೆಸರು, ಬಲಕ್ಕೆ ಓದುಗರಿಗೆ ಕಾಣುವ ರೂಪ. ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವ ಕನ್ನಡಕ್ಕೆ ಈ ಗೆರೆ ಹೇಳಿ ಮಾಡಿಸಿದಂತಿದೆ. ವಾಕ್ಯದ ಓಟ ಎಲ್ಲೂ ಮುರಿಯುವುದಿಲ್ಲ.

ತೊಡಕು ಇರುವುದು ಕೀಲಿಮಣೆಯಲ್ಲಿ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ತೆರೆಯುವ ಚೌಕ ಆವರಣದ ಕೀಲಿ ಒತ್ತಿದರೆ ‘ಡ’ ಮೂಡುತ್ತದೆ, ಒಂಟಿ ಉದ್ಧರಣ ಚಿಹ್ನೆಯದು ‘ಟ’. ಹೀಗಾಗಿ ಗುರುತಿಗೊಮ್ಮೆ ಇಂಗ್ಲಿಷ್ ಕೀಲಿಮಣೆಗೆ ಹೋಗಿ ಬರಬೇಕು, ಇಲ್ಲವೇ ಸಂಪಾದನಾ ಪಟ್ಟಿಯ ಗುಂಡಿ ಒತ್ತಬೇಕು. ಆದರೂ ಈ ಶ್ರಮ ಸಾರ್ಥಕ. ಗುರುತುಗಳ ನಡುವೆಯೂ ಮೂಲಬರಹ ಸಲೀಸಾಗಿ ಓದಿಸಿಕೊಳ್ಳುತ್ತದೆ. ಇನ್ನೊಬ್ಬರು ಒಂದು ಇಸವಿ ತಿದ್ದಿದರೂ ಪುಟದ ಇತಿಹಾಸದಲ್ಲಿ ಹಳೆಯದೂ ಹೊಸದೂ ಅಕ್ಕಪಕ್ಕ ಕಾಣುತ್ತವೆ.