ಸಂಬಳ ಏರಿತು, ಪೋಸ್ಟಿಂಗ್?

ಪೊಲೀಸರ ಲಂಚದ ಮಾತು ಬಂದಾಗಲೆಲ್ಲ ‘ಪಾಪ, ಸಂಬಳ ಸಾಲದು’ ಎಂಬ ಸಮಜಾಯಿಷಿ ಸಿದ್ಧವಿರುತ್ತದೆ. 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸ್ ಸಿಬ್ಬಂದಿ ಸಂಬಳ ಮತ್ತಿತರ ಬೇಡಿಕೆಗಳಿಗಾಗಿ ಸಾಮೂಹಿಕ ರಜೆಗೆ ಮುಂದಾದರು. ಪೊಲೀಸರ ವೇತನ ಕುರಿತ ಔರಾದ್ಕರ್ ಸಮಿತಿ ವರದಿ ಕೊಟ್ಟಿತು, 2019ರಲ್ಲಿ ವೇತನ ಪರಿಷ್ಕರಣೆಯೂ ಆಯಿತು. ಆಗಬೇಕಾದದ್ದೇ. ಆದರೆ ಸಂಬಳ ಏರಿಸಿದರೆ ದುಡ್ಡು ಕೊಟ್ಟು ಪಡೆಯುವ ಪೋಸ್ಟಿಂಗ್‌ನ ಬೆಲೆ ಇಳಿಯುವುದಿಲ್ಲ.

ದಾವಣಗೆರೆ ಜಿಲ್ಲೆಯನ್ನೇ ನೋಡಿ. ಹೊನ್ನಾಳಿಗೆ ತುಂಗಭದ್ರೆಯ ಮರಳಿದೆ, ಚನ್ನಗಿರಿಗೆ ಅಡಿಕೆಯ ವಹಿವಾಟಿದೆ, ಜಗಳೂರು ಬರದ ಸೀಮೆ. ಇನ್ಸ್‌ಪೆಕ್ಟರ್‌ಗೆ ಎಲ್ಲಿದ್ದರೂ ಸಂಬಳ ಒಂದೇ. ಪೈಪೋಟಿ ಮಾತ್ರ ಎಲ್ಲ ಕುರ್ಚಿಗೂ ಒಂದೇ ತೆರನಾಗಿರುತ್ತದೆ ಎಂದು ಯಾರೂ ನಂಬಲಾರರು.

ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ, ವರ್ಗಾವಣೆಗೆ ಪೊಲೀಸ್ ಸಿಬ್ಬಂದಿ ಮಂಡಳಿ ಎಂದು ಹೇಳಿತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿತು. ಈಗ ಮಂಡಳಿಯೂ ಇದೆ, ಶಾಸಕರ ಶಿಫಾರಸಿನ ‘ಮಿನಿಟ್’ ಪತ್ರವೂ ಇದೆ. ಯಾವುದಕ್ಕೆ ತೂಕ ಹೆಚ್ಚೆಂದು ಠಾಣೆಯ ರೈಟರ್‌ನನ್ನು ಕೇಳಿದರೂ ಸಾಕು. ನೇಮಕಾತಿಯ ಕತೆ ಇದಕ್ಕಿಂತ ಕೆಟ್ಟದ್ದು: 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯ ಹಗರಣದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ದುಡ್ಡು ಸುರಿದು ಖಾಕಿ ತೊಟ್ಟವನು ಮೊದಲು ಹುಡುಕುವುದು ಅಸಲು ಹಿಂದಕ್ಕೆ ಪಡೆಯುವ ದಾರಿಯನ್ನೇ.

ಇನ್ನು ಯಾವ ಕೆಲಸಕ್ಕೆ ಪ್ರೋತ್ಸಾಹ ಸಿಗುತ್ತದೆ ಎಂಬ ಮಾತು. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕೆ.ಜಿ.ಗೂ ಹೆಚ್ಚು ಚಿನ್ನ ಕಳವಾಯಿತು. ಐದೇ ತಿಂಗಳಲ್ಲಿ ಪೊಲೀಸರು ಅದರ ಬಹುಪಾಲನ್ನು ಮಧುರೈ ಕಡೆಯ ಬಾವಿಯೊಂದರಿಂದ ಮೇಲೆತ್ತಿದರು. ಶಹಬ್ಬಾಸ್ ಎನ್ನಲೇಬೇಕು. ಅದೇ ಜಿಲ್ಲೆಯ ಚನ್ನಗಿರಿಯಲ್ಲಿ, ಅದೇ ವರ್ಷದ ಮೇನಲ್ಲಿ, ಠಾಣೆಗೆ ಕರೆತಂದಿದ್ದ ವ್ಯಕ್ತಿ ಸತ್ತ, ಜನ ಠಾಣೆಗೆ ನುಗ್ಗಿದರು. ಎಫ್‌ಐಆರ್ ಇಲ್ಲದೆ ಕರೆತಂದದ್ದು ತಪ್ಪೆಂದು ಮುಖ್ಯಮಂತ್ರಿಯೇ ಒಪ್ಪಿದರು. ಡಿವೈಎಸ್‌ಪಿ ಸೇರಿ ಅಧಿಕಾರಿಗಳು ಅಮಾನತಾದರು. ಚಿನ್ನ ಪತ್ತೆ ಮಾಡಿದವರಿಗೆ ಹೆಸರು ಬರುತ್ತದೆ. ಮೊದಲ ದಿನವೇ ಎಫ್‌ಐಆರ್ ಬರೆದುಕೊಂಡವರನ್ನು ಕೇಳುವವರಿಲ್ಲ.

ಲಂಚದ ಚೌಕಾಸಿ ಹುಟ್ಟುವುದು ಕಾಗದವಿಲ್ಲದ ಜಾಗದಲ್ಲೇ. ಪಂಪ್‌ಸೆಟ್ ಕೇಬಲ್ ಕಳೆದುಕೊಂಡ ರೈತ ಠಾಣೆಗೆ ಬಂದರೆ ‘ಅರ್ಜಿ ಕೊಟ್ಟು ಹೋಗು, ನೋಡೋಣ’ ಎನ್ನುತ್ತಾರೆ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕೆಂಬ ಕಾನೂನು ಅವನಿಗೆ ಗೊತ್ತಿರುವುದಿಲ್ಲ. ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ ಕಾಯ್ದೆಯಲ್ಲಿದೆ. ಅದರ ಬಾಗಿಲು ಎಲ್ಲಿದೆಯೆಂದು ಅವನಿಗೆ ಹೇಳುವವರು ಯಾರು?

ಬಹುಮಾನ ಕೊಡುವುದಾದರೆ ದಾಖಲಾದ ದೂರು, ಕೊಟ್ಟ ಪ್ರತಿ ನೋಡಿ ಕೊಡಲಿ. ಅದಕ್ಕೂ ಮೊದಲು, ಎರಡು ವರ್ಷದೊಳಗೆ ಠಾಣಾಧಿಕಾರಿಯನ್ನು ಎತ್ತಂಗಡಿ ಮಾಡಿದರೆ ಮಂಡಳಿ ಕಾರಣ ಬರೆದು ಠಾಣೆಯ ಸೂಚನಾ ಫಲಕಕ್ಕೆ ಅಂಟಿಸಲಿ, ಯಾರ ಪತ್ರದ ಮೇಲೆ ಎಂಬುದನ್ನೂ ಸೇರಿಸಿ.