ಸಭೆಯ ಸೇವಕಿ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಪಾಠದ 'ದೀಪಧಾರಿಣಿ'. ಕೈಯಲ್ಲೊಂದು ದೀಪ, ಸಾಲಾಗಿ ಮಲಗಿದ ಗಾಯಾಳು ಸೈನಿಕರು, ಮುಖದ ತುಂಬ ಕರುಣೆ. ಆ ಚಿತ್ರ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಆಕೆ ಹರಿತವಾದ ಲೇಖನಿಯ ಬರಹಗಾರ್ತಿಯೂ ಆಗಿದ್ದಳೆಂಬುದು ಅದರ ಹಿಂದೆ ಮರೆಯಾಗಿಬಿಟ್ಟಿದೆ. ಕ್ರಿಮಿಯಾ ಯುದ್ಧದ ಆಸ್ಪತ್ರೆಗೆ ಹೋಗುವುದಕ್ಕೆ ಮೂರು ವರ್ಷ ಮೊದಲು, 1851ರಲ್ಲಿ, ಆಕೆ ಒಂದು ಕಿರುಹೊತ್ತಗೆ ಪ್ರಕಟಿಸಿದಳು. ಮೂವತ್ತೆರಡು ಪುಟ; ಲೇಖಕಿಯ ಹೆಸರಿಲ್ಲ. ಜರ್ಮನಿಯಲ್ಲಿ ರೈನ್ ನದಿಯ ದಂಡೆಯ ಮೇಲಿರುವ ಕೈಸರ್ಸ್‌ವರ್ತ್ ಎಂಬ ಸಣ್ಣ ಊರಿನ ಸೇವಾಸಂಸ್ಥೆಯೊಂದನ್ನು ಇಂಗ್ಲೆಂಡಿನ ಓದುಗರಿಗೆ ಪರಿಚಯಿಸುವುದು ಅದರ ಉದ್ದೇಶ.

ದಾದಿಯರ ವೃತ್ತಿಯ ಇತಿಹಾಸದಲ್ಲಿ ಈ ಹೊತ್ತಗೆಗೆ ಒಂದು ಸ್ಥಾನವಿದೆ. ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಬೇರೊಂದು ಕಾರಣಕ್ಕೆ. ಕ್ರೈಸ್ತ ಸಭೆಗಳು ಕ್ಷೀಣಿಸುತ್ತಿವೆ ಎಂಬ ಮಾತು ಯುರೋಪಿನಲ್ಲಿ ಈಗ ದಿನನಿತ್ಯದ್ದು. ಪ್ರಾಟೆಸ್ಟೆಂಟರು 'ಸಭೆ' ಎನ್ನುವುದು ಕಟ್ಟಡಕ್ಕಲ್ಲ, ಅಲ್ಲಿ ಕೂಡುವ ಜನಕ್ಕೆ. ಆ ಜನ ಕಡಿಮೆಯಾಗುತ್ತಿದ್ದಾರೆ. ಅದಕ್ಕೆ ಎಲ್ಲರೂ ಸೂಚಿಸುವ ಮದ್ದು ಸಾಮಾನ್ಯವಾಗಿ ಒಂದೇ: ಸಭೆ ನಾಲ್ಕು ಗೋಡೆ ಬಿಟ್ಟು ಹೊರಗೆ ಬರಲಿ, ಸುವಾರ್ತೆಯನ್ನು ಸೇವೆಯಲ್ಲಿ ತೋರಿಸಲಿ, ಆಗ ಒಣಗಿದ ಮರ ತಾನಾಗಿ ಚಿಗುರುತ್ತದೆ. ಕೈಸರ್ಸ್‌ವರ್ತ್ ಆ ಮದ್ದನ್ನು ಹಿಂದೆಯೇ ಕುಡಿದು ನೋಡಿದ ಊರು. ಮದ್ದು ಫಲಿಸಿತೇ, ಅದನ್ನು ಅರೆದ ಕೈಗಳು ಯಾರವು ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ನೈಟಿಂಗೇಲಳ ಪುಟಗಳನ್ನು ಓದಬಹುದು.

ಮೊದಲು ಊರಿನ ಕಥೆ. 1822ರಲ್ಲಿ ಥಿಯೋಡೋರ್ ಫ್ಲೀಡ್ನರ್ ಪಾದ್ರಿಯಾಗಿ ಅಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತೆರಡರ ವಯಸ್ಸು. ಊರಿನಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಪ್ರಾಟೆಸ್ಟೆಂಟರ ಪುಟ್ಟ ಸಭೆ ಒಂದು ಮಕಮಲ್ಲಿನ ಕಾರ್ಖಾನೆಯನ್ನೇ ನಂಬಿಕೊಂಡಿತ್ತು. ಅದೇ ವರ್ಷ ಕಾರ್ಖಾನೆ ದಿವಾಳಿಯೆದ್ದಿತು. ಪಾದ್ರಿಯನ್ನು ಸಾಕುವ ಶಕ್ತಿಯೂ ಸಭೆಗೆ ಉಳಿಯಲಿಲ್ಲ. ಬೇರೆ ಕಡೆಯಿಂದ ಕರೆ ಬಂದರೂ ಫ್ಲೀಡ್ನರ್ ಹೋಗಲಿಲ್ಲ. ಜೋಳಿಗೆ ಹಿಡಿದು ಹಾಲೆಂಡಿಗೆ, ಇಂಗ್ಲೆಂಡಿಗೆ ಹೊರಟ. ಹಣ ತಂದ. ಅದರ ಜೊತೆಗೆ ಎರಡು ನೋಟಗಳನ್ನೂ ತಂದ. ಒಂದು, ಇಂಗ್ಲೆಂಡಿನಲ್ಲಿ ಎಲಿಜಬೆತ್ ಫ್ರೈ ಜೈಲಿನ ಹೆಂಗಸರ ನಡುವೆ ಮಾಡುತ್ತಿದ್ದ ಕೆಲಸ. ಇನ್ನೊಂದು, ಹಾಲೆಂಡಿನ ಮೆನೊನೈಟ್ ಸಭೆಗಳಲ್ಲಿ ಬಡವರನ್ನು, ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಡೀಕನೆಸ್, ಅಂದರೆ ಸಭೆಯ ಸೇವಕಿ.

1833ರಲ್ಲಿ ಜೈಲಿನಿಂದ ಬಿಡುಗಡೆಯಾದ ಹೆಂಗಸೊಬ್ಬಳು ಆಶ್ರಯ ಕೇಳಿ ಬಂದಳು. ಆಕೆಯನ್ನು ಇರಿಸಿಕೊಳ್ಳಲು ಇದ್ದದ್ದು ಪಾದ್ರಿಯ ಮನೆಯ ತೋಟದಲ್ಲಿನ ಒಂದು ಪುಟ್ಟ ಕೋಣೆ. ಮಲಗುವುದಕ್ಕೆ ಅದರ ಅಟ್ಟ, ಹತ್ತುವುದಕ್ಕೆ ಏಣಿ. ಸಂಸ್ಥೆ ಹುಟ್ಟಿದ್ದು ಅಲ್ಲಿ. 1836ರಲ್ಲಿ ಒಂದು ಆಸ್ಪತ್ರೆ ತೆರೆಯಿತು. ಮೊದಲ ಡೀಕನೆಸ್ ಆಗಿ ಬಂದವಳು ವೈದ್ಯರ ಮಗಳು ಗೆರ್ಟ್ರೂಡ್ ರೈಖಾರ್ಟ್. ಆಗ ಆಕೆಗೆ ಐವತ್ತರ ಹತ್ತಿರದ ವಯಸ್ಸು. ಶಿಶುವಿಹಾರ, ಶಿಕ್ಷಕಿಯರ ತರಬೇತಿ ಎಂದು ಕೆಲಸ ಹಬ್ಬಿತು. 1851ರಲ್ಲಿ ನಾಲ್ವರು ಡೀಕನೆಸ್‌ಗಳು ಜೆರೂಸಲೇಮಿನವರೆಗೂ ಹೋದರು. 1864ರಲ್ಲಿ ಫ್ಲೀಡ್ನರ್ ತೀರಿಕೊಳ್ಳುವ ಹೊತ್ತಿಗೆ ಇಂಥ ಮೂವತ್ತರಷ್ಟು 'ಮಾತೃಗೃಹ'ಗಳೂ ಸುಮಾರು 1600 ಡೀಕನೆಸ್‌ಗಳೂ ಇದ್ದರು. ಪಾದ್ರಿಗೆ ಸಂಬಳ ಕೊಡಲಾರದೆ ಮುಚ್ಚಿಹೋಗಬೇಕಾಗಿದ್ದ ಒಂದು ಸಭೆಯ ಮಟ್ಟಿಗೆ ಇದು ಸಣ್ಣ ಫಲವೇನಲ್ಲ.

ನೈಟಿಂಗೇಲ್ ಅಲ್ಲಿ ಮೂರು ತಿಂಗಳು ಇದ್ದು ಕೆಲಸ ಕಲಿತದ್ದು 1851ರಲ್ಲಿ. ತಾಯಿ ಮತ್ತು ಅಕ್ಕ ಕಾರ್ಲ್ಸ್‌ಬಾದ್‌ನಲ್ಲಿ ಆರೋಗ್ಯಸ್ನಾನಕ್ಕೆಂದು ತಂಗಿದ್ದಾಗ ಈಕೆ ಇಲ್ಲಿ ರೋಗಿಗಳ ಗಾಯ ತೊಳೆಯುತ್ತಿದ್ದಳು. ಶ್ರೀಮಂತರ ಮನೆಯ ಹುಡುಗಿ ಇಂಥ ಕೆಲಸಕ್ಕೆ ಹೋಗಿದ್ದಾಳೆಂಬುದು ಹತ್ತು ಜನರಿಗೆ ತಿಳಿಯಬಾರದೆಂದು ಮನೆಯವರ ಇಚ್ಛೆ. ಹೊತ್ತಗೆಯ ಮೊದಲ ಪುಟಗಳಲ್ಲಿ ಕೇಳುವ ಸಂಕಟ ಈ ಹಿನ್ನೆಲೆಯದು. ಓದು ಕಲಿತ ಹೆಣ್ಣುಮಕ್ಕಳಿಗೆ ಮಾಡಲು ಕೆಲಸವಿಲ್ಲ, ಇಡೀ ದಿನ ಗಡಿಬಿಡಿಯಲ್ಲಿ ಕಳೆದರೂ ಸಂಜೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬ ಧಾಟಿಯಲ್ಲಿ ಆಕೆ ವಾದಿಸುತ್ತಾಳೆ. ನೂರಾ ಎಪ್ಪತ್ತು ವರ್ಷಗಳ ಹಿಂದಿನ ಈ ದೂರು ಸಣ್ಣ ಊರುಗಳ ನಮ್ಮಂಥವರಿಗೆ ಅಪರಿಚಿತವೆನಿಸುವುದಿಲ್ಲ.

ಹೊತ್ತಗೆಯ ಅತ್ಯುತ್ತಮ ಭಾಗ ತೋಟದ ಕೋಣೆಯನ್ನು ಕುರಿತದ್ದು. ಸಂಸ್ಥೆಗಳು ಸಾಮಾನ್ಯವಾಗಿ ದೊಡ್ಡವರ ಹೆಸರಿನ ಪಟ್ಟಿಯಿಂದ ಆರಂಭವಾಗಿ ಅಲ್ಲಿಗೇ ಮುಗಿಯುತ್ತವೆ. ಇದು ಮಾತ್ರ ಎದುರಿಗೆ ಬಂದು ನಿಂತ ಒಬ್ಬ ಹೆಂಗಸಿನ ಅಗತ್ಯದಿಂದ ಬೆಳೆಯಿತು ಎಂಬ ಹೋಲಿಕೆಯನ್ನು ಆಕೆ ಕಟುವಾಗಿಯೇ ಮಾಡುತ್ತಾಳೆ. ಉದ್ಘಾಟನೆಗೆ ಮಂತ್ರಿಗಳು, ಸ್ಮರಣ ಸಂಚಿಕೆಗೆ ಜಾಹೀರಾತು, ಮೂರನೆಯ ತಿಂಗಳಿಗೆ ಬೀಗ — ಇಂಥ ಎಷ್ಟು ಸಮಾಜಗಳನ್ನು ನಾವು ಕಂಡಿಲ್ಲ! ಸಭೆಯ ಪುನಶ್ಚೇತನದ ಬಗ್ಗೆ ಮಾತಾಡುವವರಿಗೂ ಇಲ್ಲಿ ಪಾಠವಿದೆ. ಫ್ಲೀಡ್ನರ್ ಮೊದಲಿಗೆ ಹೊರಟದ್ದು ಸಭೆಯನ್ನು ಉಳಿಸುವುದಕ್ಕೆ ನಿಜ. ಆದರೆ ತೋಟದ ಕೋಣೆಯ ಬಾಗಿಲು ತೆರೆದಾಗ, ಇವಳಿಂದ ಸಭೆಯ ಸಂಖ್ಯೆ ಎಷ್ಟು ಹೆಚ್ಚುತ್ತದೆಂಬ ಲೆಕ್ಕ ಹಾಕುವ ಪ್ರಶ್ನೆಯೇ ಇರಲಿಲ್ಲ. ಮಂದಿಯನ್ನು ಸೆಳೆಯಲೆಂದೇ ಮಾಡಿದ ಸೇವೆಯ ವಾಸನೆ ಮಂದಿಗೆ ಬೇಗ ಬಡಿಯುತ್ತದೆ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಹೊತ್ತಗೆ ತೂಕ ಕಳೆದುಕೊಳ್ಳುವುದು ಅದು ಪ್ರಶ್ನಿಸದೆ ಬಿಟ್ಟ ಸಂಗತಿಗಳಲ್ಲಿ. ಡೀಕನೆಸ್‌ಗೆ ಸಂಬಳವಿರಲಿಲ್ಲ. ಊಟ, ಬಟ್ಟೆ, ಸ್ವಲ್ಪ ಕೈಖರ್ಚು, ಮುಪ್ಪಿನಲ್ಲಿ ಆರೈಕೆ — ಇಷ್ಟು. ಅವಳನ್ನು ಯಾವುದೋ ಊರಿನ ಆಸ್ಪತ್ರೆಗೆ ಕಳುಹಿಸಿದರೆ ಅವಳ ದುಡಿಮೆಯ ಹಣ ಮಾತೃಗೃಹಕ್ಕೆ ಸೇರುತ್ತಿತ್ತು. ಎಲ್ಲಿಗೆ ಹೋಗಬೇಕೆಂದು ಹೇಳುವುದು ಮಾತೃಗೃಹ. ಮದುವೆಯಾದರೆ ಹೊರಗೆ ಹೋಗಬೇಕು. ಫ್ಲೀಡ್ನರ್ ಅವರಿಗೆ ಕೊಟ್ಟ ನೀಲಿ ಉಡುಪು, ಬಿಳಿ ಕುಲಾವಿ ಆ ಕಾಲದ ಮದುವೆಯಾದ ಹೆಂಗಸರ ಉಡುಪಿನ ಮಾದರಿಯವು. ಮದುವೆಯಾಗದ ಹೆಣ್ಣು ಬೀದಿಯಲ್ಲಿ ಒಬ್ಬಳೇ ನಡೆದರೂ ಗೌರವ ಸಿಗಲೆಂದು ಈ ಏರ್ಪಾಡು. ಅದರಲ್ಲಿ ಜಾಣತನವೂ ಇದೆ, ಒಂದು ವಿಷಾದವೂ ಇದೆ.

ನ್ಯಾಯವಾಗಿ ಹೇಳಬೇಕೆಂದರೆ, ರೈತರ ಮನೆಯ, ಕೂಲಿಯವರ ಮನೆಯ ಹುಡುಗಿಯರಿಗೆ ಇದು ದೊಡ್ಡ ದಾರಿಯೇ ಆಗಿತ್ತು. ಕೆಲಸ ಕಲಿಯಬಹುದಿತ್ತು, ಊರು ನೋಡಬಹುದಿತ್ತು, ಮುಪ್ಪಿನಲ್ಲಿ ಅಣ್ಣತಮ್ಮಂದಿರ ಮನೆಯ ಮೂಲೆ ಹಿಡಿಯಬೇಕಾಗಿರಲಿಲ್ಲ. ಆದರೆ ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದಾಗ ತೆರೆದ ಒಂದೇ ಬಾಗಿಲನ್ನು ಹೆಣ್ಣು ಸಂತೋಷದಿಂದ ಹೊಕ್ಕಳು ಎಂದಮಾತ್ರಕ್ಕೆ ಆ ಮನೆಯ ಕಟ್ಟಳೆ ಸರಿಯಾಯಿತೇ?

ಫ್ಲೀಡ್ನರನ ಹೆಂಡತಿ ಫ್ರೀಡರೀಕೆಯ ಬದುಕನ್ನೇ ನೋಡಿ. ಸಂಸ್ಥೆಯ ಮೊದಲ ಮೇಲ್ವಿಚಾರಕಿ ಆಕೆ. ಗಂಡ ಊರೂರು ತಿರುಗಿ ಹಣ ಕೂಡಿಸುತ್ತಿದ್ದಾಗ ಮನೆ, ಆಸ್ಪತ್ರೆ ಎರಡನ್ನೂ ನಡೆಸಿದವಳು ಆಕೆ. ಬಸಿರು, ಬಾಣಂತನ, ಮಕ್ಕಳ ಸಾವು ಎಲ್ಲದರ ನಡುವೆ ದುಡಿದು 1842ರಲ್ಲಿ, ನಲವತ್ತೆರಡರ ಪ್ರಾಯದಲ್ಲಿ, ತೀರಿಕೊಂಡಳು. ಮರುವರ್ಷ ಫ್ಲೀಡ್ನರ್ ಹ್ಯಾಂಬರ್ಗಿನ ಕ್ಯಾರೊಲೀನ್ ಬರ್ತೋಳನ್ನು ಮದುವೆಯಾದ. ಆಕೆ 1883ರವರೆಗೆ, ನಲವತ್ತು ವರ್ಷ, ಆ ಹೊಣೆ ಹೊತ್ತಳು. ಹೊತ್ತಗೆಯ ಶೀರ್ಷಿಕೆಯಲ್ಲಿ ಮಾತ್ರ ಫ್ಲೀಡ್ನರ್ ಪಾದ್ರಿಯ ಹೆಸರೊಂದೇ ಇದೆ. ಬರೆದವಳು ಹೆಣ್ಣು, ಅವಳ ಹೆಸರೂ ಇಲ್ಲ.

ಈ ಹೊತ್ತಗೆಯ ಅತ್ಯುತ್ತಮ ವಿಮರ್ಶೆ ಮಾಡಿದವಳು ಸ್ವತಃ ನೈಟಿಂಗೇಲ್. 1897ರಲ್ಲಿ, ಮುದುಕಿಯಾದ ಮೇಲೆ, ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಪ್ರತಿಗೆ ಒಂದು ಷರಾ ಬರೆದಳು: ಅಲ್ಲಿ ಶುಶ್ರೂಷೆ ಎಂಬುದು ಶೂನ್ಯವಾಗಿತ್ತು, ನೈರ್ಮಲ್ಯ ಭಯಂಕರವಾಗಿತ್ತು, ಆದರೆ ಅಷ್ಟು ಶುದ್ಧವಾದ ನಿಷ್ಠೆಯನ್ನು ತಾನು ಬೇರೆಲ್ಲೂ ಕಾಣಲಿಲ್ಲ ಎಂಬುದು ಅದರ ಸಾರಾಂಶ. 1851ರಲ್ಲಿ ಆಕೆಗೆ ಒಂದು ಬಾಗಿಲು ತೆರೆಸಬೇಕಾಗಿತ್ತು. ಅದಕ್ಕಾಗಿ ಕೊಳೆಯನ್ನು ಪುಟಕ್ಕೆ ತರಲಿಲ್ಲ. ಆದರೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತನ್ನ ಹೆಸರಿನ ದಾದಿಯರ ಶಾಲೆ ಆರಂಭಿಸಿದಾಗ ಮಾತೃಗೃಹದ ಮಾದರಿಯನ್ನು ನಕಲು ಮಾಡಲಿಲ್ಲ. ಅದು ಯಾವ ಪಂಗಡಕ್ಕೂ ಸೇರದ ಶಾಲೆ. ಕಲಿತು ಹೊರಬಂದವಳಿಗೆ ಸಂಬಳ. ದಾದಿಯರ ಮೇಲಿನ ಅಧಿಕಾರ ಪಾದ್ರಿಗಲ್ಲ, ಮೇಟ್ರನ್‌ಗೆ. ಹೊತ್ತಗೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳಿಗೆ ಇದು ಆಕೆ ಕೊಟ್ಟ ಉತ್ತರ.

ಆಮೇಲೆ ಏನಾಯಿತು? ಸಂಬಳದ ದಾದಿ, ಸಂಬಳದ ಶಿಕ್ಷಕಿ, ವಿಶ್ವವಿದ್ಯಾಲಯ ಎಂದು ಇಪ್ಪತ್ತನೆಯ ಶತಮಾನದಲ್ಲಿ ಹೆಣ್ಣಿಗೆ ಒಂದೊಂದೇ ಬಾಗಿಲು ತೆರೆಯಿತು. ಮಾತೃಗೃಹಗಳಿಗೆ ಹೊಸಬರು ಬರುವುದು ನಿಲ್ಲುತ್ತ ಬಂತು. ಕೈಸರ್ಸ್‌ವರ್ತ್‌ನ ಮಾತೃಗೃಹದ ದೊಡ್ಡ ಕಟ್ಟಡವನ್ನು ಹೋಟೆಲಾಗಿ ಮಾರ್ಪಡಿಸಲಾಯಿತು. ಸೇವೆಯೇನೂ ನಿಲ್ಲಲಿಲ್ಲ, ಜರ್ಮನಿಯ ಪ್ರಾಟೆಸ್ಟೆಂಟರ ಸೇವಾಸಂಸ್ಥೆಗಳ ಒಕ್ಕೂಟವಾದ ಡಿಯಾಕೊನಿಯಲ್ಲಿ ಇಂದು ಆರು ಲಕ್ಷಕ್ಕೂ ಹೆಚ್ಚು ಜನ ಸಂಬಳಕ್ಕೆ ದುಡಿಯುತ್ತಾರೆ. ಆದರೆ ಅಲ್ಲಿನ ಪ್ರಾಟೆಸ್ಟೆಂಟ್ ಸಭೆಗಳ ಸದಸ್ಯರು 1990ರ ದಶಕದ ಆರಂಭದಲ್ಲಿ ಸುಮಾರು 2 ಕೋಟಿ 90 ಲಕ್ಷ ಇದ್ದದ್ದು 2023ರ ಕೊನೆಗೆ 1 ಕೋಟಿ 86 ಲಕ್ಷದಷ್ಟಾಯಿತು. ಆಸ್ಪತ್ರೆ ತುಂಬಿದೆ, ಆರಾಧನೆಯ ಬೆಂಚು ಖಾಲಿ.

ಸೇವೆ ಮಾಡಿದರೆ ಸಭೆ ಚಿಗುರುತ್ತದೆ ಎಂಬ ಸೂತ್ರ ಇಲ್ಲಿ ತೊಡರುತ್ತದೆ. ಇಷ್ಟು ಜನ ಸಭೆ ಬಿಡುವುದಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಈ ಒಂದೇ ಮೊಳೆಗೆ ತಗುಲಿಹಾಕಲಾರೆ. ನನಗೆ ತೋರುವುದು ಇಷ್ಟು: ಕೈಸರ್ಸ್‌ವರ್ತ್‌ನಲ್ಲಿ ಸಭೆಯನ್ನು ಬದುಕಿಸಿದ್ದು ಕಟ್ಟಡವೂ ಅಲ್ಲ, ಯೋಜನೆಯೂ ಅಲ್ಲ, ರೋಗಿಯ ಹಾಸಿಗೆಗೂ ಆರಾಧನೆಯ ಬೆಂಚಿಗೂ ನಡುವೆ ದಿನವೂ ಓಡಾಡುತ್ತಿದ್ದ ಹೆಂಗಸು. ಅವಳಿಗೆ ಸಭೆ ಕೆಲಸ ಕೊಟ್ಟಿತು, ಮಾತು ಕೊಡಲಿಲ್ಲ. ಹ್ಯಾಂಬರ್ಗಿನಲ್ಲಿ ಮರಿಯಾ ಯೆಪ್ಸನ್ ಬಿಷಪ್ ಆದದ್ದು 1992ರಲ್ಲಿ. ಲೂಥರನ್ ಸಭೆಗಳಲ್ಲಿ ಇಡೀ ಲೋಕಕ್ಕೆ ಆಕೆಯೇ ಮೊದಲ ಮಹಿಳಾ ಬಿಷಪ್. ಮೊದಲ ಡೀಕನೆಸ್‌ನಿಂದ ಅಲ್ಲಿಗೆ ನೂರೈವತ್ತಾರು ವರ್ಷ. ಅಷ್ಟರಲ್ಲಿ ಎಷ್ಟೋ ಹೆಣ್ಣುಮಕ್ಕಳು ಬೇರೆ ಬಾಗಿಲಿನಿಂದ ಹೊರಗೆ ಹೋಗಿಯಾಗಿತ್ತು.

ಇದು ದೂರದೇಶದ ಕಥೆ ಎಂದು ಪಕ್ಕಕ್ಕಿಡುವಂತಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಜರ್ಮನ್ ನುಡಿಯ ನಾಡುಗಳ ಅದೇ ಭಕ್ತಿಪರಂಪರೆಯಿಂದ. 'ಮಂಗಳೂರ ಸಮಾಚಾರ'ದ ಮೊಗ್ಲಿಂಗ್, ನಿಘಂಟಿನ ಕಿಟ್ಟೆಲ್ ನಮಗೆ ಗೊತ್ತು. ಹೆಣ್ಣುಮಕ್ಕಳಿಗೆ ಅಕ್ಷರ, ಹೊಲಿಗೆ ಕಲಿಸಿದ ಪಾದ್ರಿಗಳ ಹೆಂಡತಿಯರ ಹೆಸರು ಎಷ್ಟು ಜನರಿಗೆ ಗೊತ್ತು? ಆ ಸಭೆಗಳು ಮುಂದೆ ಸೇರಿಕೊಂಡ ದಕ್ಷಿಣ ಭಾರತ ಸಭೆ 1947ರಲ್ಲಿ ಹುಟ್ಟಿತು. ಅದರ ಮೊದಲ ಮಹಿಳಾ ಬಿಷಪ್ ಆಗಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರ ಅಭಿಷೇಕವಾದದ್ದು 2013ರಲ್ಲಿ. ಚರ್ಚಿನ ಮಾತೇ ಏಕೆ, ಊರಿನ ಯಾವ ಮಠದ ದಾಸೋಹ, ಯಾವ ಸಮಾಜದ ಅನ್ನದಾನ ನೋಡಿದರೂ ಅಕ್ಕಿ ಆರಿಸುವ ಕೈ ಒಬ್ಬರದು, ಮೈಕು ಹಿಡಿಯುವ ಕೈ ಇನ್ನೊಬ್ಬರದು.

ಕ್ಷೀಣಿಸುವ ಸಭೆಗೆ ಸೇವೆಯೇ ಮದ್ದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸೇವೆ ಮಾಡುವವಳು ಲೆಕ್ಕದ ಪುಸ್ತಕ ನೋಡುವಂತಿರಬೇಕು, ತೀರ್ಮಾನದ ಮೇಜಿನ ಬಳಿ ಕೂರುವಂತಿರಬೇಕು, ಬೇಡವೆಂದರೆ ಬೇಡವೆನ್ನುವಂತಿರಬೇಕು. ನೈಟಿಂಗೇಲಳ ಈ ಹೊತ್ತಗೆಯನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ಸಂತೋಷ. ಕೊನೆಯ ಪುಟದಲ್ಲಿ ಆ 1897ರ ಷರಾವನ್ನು ಮಾತ್ರ ಮರೆಯದೆ ಅಚ್ಚು ಹಾಕಿಸಬೇಕು.